ಹಳದಿ ಬಟ್ಟೆಯ ಗಂಟು

ನಿರ್ಮಲಮ್ಮ ಕಸದ ಚೀಲಕ್ಕೆ ಹಾಲಿನ ಕವರು ತುರುಕಿ, ಮೇಲೆ ಬದನೆಕಾಯಿ ತೊಟ್ಟು ಸುರಿದು ಗಂಟು ಬಿಗಿಯುತ್ತಿದ್ದರು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಹೊರಗೆ ಯಾಸ್ಮೀನ್ ನಿಂತಿದ್ದಳು, ಕೈಯಲ್ಲೊಂದು ಕಾಗದ. ದಿನಾ ಹರಿಹರದಿಂದ ಮೊದಲ ಬಸ್ಸಿಗೆ ದಾವಣಗೆರೆಗೆ ಬಂದು ಈ ಅಪಾರ್ಟ್‌ಮೆಂಟಿನ ಕಸ ಒಯ್ದು, ಕೆಳಗೆ ಕೂತು ಆರಿಸುತ್ತಿದ್ದವರು ಅವಳ ತಾಯಿ ಖತೀಜಾಬೀ.

"ಯಾಕ, ನೀನು ಬಂದಿ? ನಿಮ್ಮಮ್ಮ?"

"ಆಸ್ಪತ್ರೇಲಿ ಅದಾರಮ್ಮಾರೆ. ಕೈಗೆ ಗಾಜು ಚುಚ್ಚಿತ್ತು. ಅರಿಶಿನ ಮೆತ್ಕೊಂಡು ಹಂಗೇ ಎರಡು ದಿನ ಕೆಲ್ಸಕ್ಕೆ ಬಂದ್ರು. ಈಗ ಕೀವು ಏರೈತೆ. ಹೆಬ್ಬೆಟ್ಟು ತೆಗೀಬೇಕಾಗ್ಬಹುದು, ನಾಳೆ ಹೇಳ್ತೀವಿ ಅಂದಾರೆ ಡಾಕ್ಟ್ರು."

ಅವಳು ಕಾಗದ ಚಾಚಿದಳು. ಪಾಲಿಕೆ ತೀರ್ಮಾನ ಮಾಡಿತ್ತು. ಬರುವ ತಿಂಗಳಿಂದ ಅಪಾರ್ಟ್‌ಮೆಂಟ್, ಅಂಗಡಿ, ಹೋಟೆಲಿನವರು ಕಸ ಬೇರೆ ಬೇರೆ ಮಾಡಿಯೇ ಕೊಡಬೇಕು. ಬೆರೆಸಿದ್ದನ್ನು ಗಾಡಿಯವರು ಎತ್ತುವುದಿಲ್ಲ. ಮತ್ತೆ ಹಾಗೇ ಕೊಟ್ಟರೆ ದಂಡ.

ಅಂಗಡಿಗೆ ಹೊರಟಿದ್ದ ವಾಮದೇವಪ್ಪ ಹೆಂಡತಿಯ ಕೈಯಿಂದ ಕಾಗದ ತೆಗೆದುಕೊಂಡು ಓದಿದರು. "ಇದೊಂದು ಬಾಕಿ ಇತ್ತು ನೋಡು. ನಾವು ಬೇರೆ ಮಾಡಿ ಕೊಡೋದು, ಇವ್ರು ಕೆಳಗೊಯ್ದು ಒಂದೇ ಗಾಡೀಗೆ ಸುರಿಯೋದು."

"ಗಾಡೀಗೆ ಈಗ ನಡುವೆ ತಗಡು ಹಾಕ್ಯಾರ್ರಿ. ಬಂದು ನೋಡ್ರಿ ಯಜಮಾನ್ರೆ, ಲಿಫ್ಟ್ ಐತೆ, ನಿಮ್ಮ ಮೊಣಕಾಲು ನೋಯಂಗಿಲ್ಲ."

"ನಮ್ಮ ಅಂಗಡೀಲಿ ದಿನಾ ಸೀರೆ ಕವರು ರಾಶಿ ಬೀಳ್ತಾವೆ. ಅದನ್ನೂ ಆರಿಸ್ಕೊಂತ ಕೂಡ್ಲೇನು?"

"ಒಣಗಿದ್ರೆ ಅದು ಮತ್ತೆ ಫ್ಯಾಕ್ಟ್ರಿಗೆ ಹೋಗ್ತೈತೆ. ಸಾರು ಮೆತ್ತಿದ್ರೆ ಯಾರೂ ಮುಟ್ಟಲ್ಲ, ಊರಾಚೆ ಕಸದ ಗುಡ್ಡೇಗೆ ಬೀಳ್ತೈತೆ."

"ಅದಿರ್ಲಿ. ನಿಮ್ಮಮ್ಮ ನೋಡ್ಕೊಂಡು ಕೈ ಹಾಕಬಾರ್ದಾ?"

ಯಾಸ್ಮೀನ್ ದನಿ ತಗ್ಗಿತು. "ಕಾಣ್ತಿರ್ಲಿಲ್ರಿ. ಪೂಜೆ ಹೂವಿನ ಜತೆ ಹಳದಿ ಬಟ್ಟೇಲಿ ಗಂಟು ಕಟ್ಟಿದ್ರು. ದೇವ್ರ ಹೂವು ಹೊಲಸಿನ ಜತೆ ಹೋಗಬಾರ್ದು ಅಂತ ಅಮ್ಮಿ ಯಾವಾಗ್ಲೂ ಬೇರೆ ತೆಗೆದಿಡ್ತಾರೆ. ಇದೂ ದೇವ್ರದ್ದೇ ಇರ್ಬೇಕು ಅಂತ ಹಿಸುಕಿ ನೋಡ್ಯಾರೆ. ಒಳಗೆ ಹಸಿರು ಬಳೆ ಚೂರು. ಯಾರ ಮನೇದೋ, ಗೊತ್ತಿಲ್ಲ."

ನಿರ್ಮಲಮ್ಮನ ಕೈ ಚೀಲದ ಮೇಲೇ ನಿಂತಿತು.

ಹೋದ ಸೋಮವಾರ ಪಾತ್ರೆ ಉಜ್ಜುವಾಗ ಅವರ ಎರಡು ಬಳೆ ಒಡೆದಿದ್ದವು. ಒಡೆದ ಬಳೆ ಯಾರ ಕಣ್ಣಿಗೂ ಬೀಳಬಾರದು, ಬಟ್ಟೆಯಲ್ಲಿ ಸುತ್ತಿ ಹೂವಿನ ಜೊತೆ ಹೊಳೆಗೆ ಬಿಡಬೇಕು ಎಂದು ಅತ್ತೆ ಕಲಿಸಿದ್ದರು. ಮೂರನೇ ಮಹಡಿಯಲ್ಲಿ ಹೊಳೆ ಎಲ್ಲಿಂದ ಬರಬೇಕು? ಹಳದಿ ರವಿಕೆ ಬಟ್ಟೆಯ ಚೂರಿನಲ್ಲಿ ಭದ್ರವಾಗಿ ಕಟ್ಟಿ ಚೀಲಕ್ಕೆ ಹಾಕಿದ್ದರು. ಕಣ್ಣಿಗೆ ಬೀಳದಂತೆ ನೋಡಿಕೊಂಡಿದ್ದರು. ಕೈಯ ಯೋಚನೆ ಬಂದಿರಲಿಲ್ಲ.

ವಾಮದೇವಪ್ಪ ಕಾಗದ ಮಡಚಿ ಜೇಬಿಗಿಟ್ಟುಕೊಂಡರು. "ಇವತ್ತೇ ಅಂಗಡೀಲಿ ಎರಡು ಡಬ್ಬಿ ಇಡಿಸ್ತೀನಿ. ಆ ಮನೆ ಹೆಣ್ಮಗಳು ಯಾರೋ, ಒಂದು ಮಾತು ಹೇಳಿ ಕೊಡಬಾರ್ದಿತ್ತಾ?" ಎನ್ನುತ್ತ ಮೆಟ್ಟು ಹಾಕಿಕೊಂಡು ಹೊರಟರು.

ನಿರ್ಮಲಮ್ಮ ಗಂಟು ಬಿಚ್ಚಿ ಪೇಪರಿನ ಮೇಲೆ ಕಸ ಹರವಿದರು. ಯಾಸ್ಮೀನ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತೋರಿಸಿದಳು. ಸಿಪ್ಪೆ, ಉಳಿದ ಅನ್ನ, ಹೂವು ಒಂದು ಬಕೆಟ್ಟಿಗೆ. ಕವರು ತೊಳೆದು ಒಣಗಿಸಿ ಇನ್ನೊಂದಕ್ಕೆ. ಪ್ಯಾಡು, ಡೈಪರು ಪೇಪರಿನಲ್ಲಿ ಸುತ್ತಿ ಬೇರೆ.

"ಬಳೆ ಚೂರು?" ನಿರ್ಮಲಮ್ಮ ಕೇಳಿದರು.

"ಗಾಜು, ಬ್ಲೇಡು ಗಟ್ಟಿ ಡಬ್ಬೀಲಿ ಹಾಕಿ ಮೇಲೆ ಬರೀರಿ. ಬರೆಯೋಕೆ ಬ್ಯಾಸರಾದ್ರೆ ಬಾಯಲ್ಲಿ ಹೇಳ್ರಿ, ಸಾಕು."

"ಯಾವ ಆಸ್ಪತ್ರೆ?"

"ಹರಿಹರದ ದೊಡ್ಡಾಸ್ಪತ್ರೆ. ಯಾಕ್ರಿ?"

"ಹಂಗೇ ಕೇಳಿದೆ."

ಯಾಸ್ಮೀನ್ ಎದ್ದು ಹೋಗಿ ಎದುರು ಮನೆಯ ಗಂಟೆ ಒತ್ತಿದಳು. ನಿರ್ಮಲಮ್ಮ ಬಾಗಿಲು ಮುಂದೆ ಮಾಡಿ ಒಳಗೆ ಬಂದು ಕೂತರು. ನಾಳೆ ಬೆಳಿಗ್ಗೆ ಹರಿಹರದ ಬಸ್ಸು ಹತ್ತಬೇಕು. ಹೆಬ್ಬೆಟ್ಟು ಉಳಿಯಲಿ, ಹೋಗಲಿ, ಖತೀಜಾಬೀಯ ಹಾಸಿಗೆ ಪಕ್ಕ ಕೂತು, ಆ ಗಂಟು ಕಟ್ಟಿದ್ದು ನಾನೇ ಎಂದು ಬಾಯಿಬಿಟ್ಟು ಹೇಳಬೇಕು. ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಅನ್ನ ಬಡಿಸಿದರು. ಆ ವಿಷಯ ಎತ್ತಲಿಲ್ಲ.

ಓದುತ್ತಿರುವ ಅಕ್ಕತಂಗಿಯರೇ, ಅಂಗಡಿಯ ಅಣ್ಣಂದಿರೇ, ದಂಡಕ್ಕೆ ಹೆದರಿ ಕಸ ಬೇರೆ ಮಾಡಬೇಡಿ. ಇಂದು ನೀವು ಕಟ್ಟಿಟ್ಟ ಚೀಲವನ್ನು ಒಮ್ಮೆ ಬಿಚ್ಚಿ ನೋಡಿ. ನಾಳೆ ಅದರೊಳಗೆ ಕೈ ಹಾಕುವವರೊಬ್ಬರು ಈಗಲೂ ಎಲ್ಲೋ ಅನ್ನ ಕಲಸಿಕೊಂಡು ಉಣ್ಣುತ್ತಿದ್ದಾರೆ, ಅದೇ ಕೈಯಿಂದ.