ಹೆಗಲ ಮೇಲಿನ ಟವೆಲ್ಲು

ಪೋಸ್ಟ್‌ಮಾಸ್ತರರ ಎಡಗೆನ್ನೆ ನುಣ್ಣಗಾಗಿತ್ತು. ಬಲಗೆನ್ನೆಯ ಮೇಲೆ ನೊರೆ ಇನ್ನೂ ಹಾಗೇ ಇತ್ತು. ಸಲೂನಿನ ಬಾಗಿಲು ದೂಡಿಕೊಂಡು ಬಂದವಳು ಕ್ಷೌರಿಕನ ತಂಗಿಯ ಮಗಳು. ಕುರ್ಚಿಯ ಹಿಂದೆ ನಿಂತು, ಕನ್ನಡಿಯೊಳಗಿನ ಮಾವನಿಗೆ ಹೇಳಿದಳು:

"ಮಾವ, ಮುಂದಿನ ತಿಂಗಳು ರಿಂಗಲ್ಲಿ ನನ್ನ ಮೂಲೇಲಿ ನೀನೇ ನಿಲ್ಬೇಕು."

ಕತ್ತಿ ಗಾಳಿಯಲ್ಲೇ ನಿಂತಿತು. "ಬೇರೆ ಮಾತಾಡು."

"ಬೇರೆ ಮಾತೇ ಇಲ್ಲ. ಬಾಕ್ಸಿಂಗ್ ಸಂಘದವರಿಗೆ ಬರೆದುಕೊಟ್ಟಾಯ್ತು. ಕೋಚ್ ಜೊತೆ ಸಹಾಯಕ ಅಂತ ನಿನ್ನ ಹೆಸರೂ ಹೋಯ್ತು."

"ಮೊದ್ಲು ನನ್ನ ಬಲಗೆನ್ನೆಗೆ ಏನಾದ್ರೂ ತೀರ್ಮಾನ ಮಾಡ್ರಪ್ಪಾ," ಎಂದರು ಪೋಸ್ಟ್‌ಮಾಸ್ತರರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೀದಿಗೆಲ್ಲ ಅವಳು 'ಮೆಣಸು'. ಬರೀ ನಲವತ್ತೆಂಟು ಕಿಲೋ, ಆದರೆ ಬಾಯಿಗೂ ಕೈಗೂ ಖಾರ ಹೆಚ್ಚು. ಹನ್ನೊಂದನೇ ವಯಸ್ಸಿನಲ್ಲಿ, ಕ್ಲಾಸಿನ ಮೂವರನ್ನು ಗುದ್ದಿ ಕೆಡವಿದ್ದಾಳೆಂದು ಶಾಲೆಯಿಂದ ದೂರು ಬಂದಾಗ, ಅವಳಮ್ಮ ಕಿವಿ ಹಿಡಿದು ಎಳೆತಂದು ಅಣ್ಣನ ಅಂಗಡಿಯಲ್ಲಿ ಬಿಟ್ಟಿದ್ದಳು. ಬುದ್ಧಿ ಹೇಳಲಿ ಎಂದು. ವಯಸ್ಸಿನಲ್ಲಿ ತಾನೂ ಗುದ್ದಾಡಿ ಮೂಗು ಸೊಟ್ಟ ಮಾಡಿಕೊಂಡಿದ್ದ ಮಹಾನುಭಾವ ಹೇಳಿಕೊಟ್ಟ ಬುದ್ಧಿ ಎಂದರೆ, ಮುಷ್ಟಿ ಕಟ್ಟುವಾಗ ಹೆಬ್ಬೆರಳು ಹೊರಗಿರಬೇಕು ಎನ್ನುವುದು. ಅಂಗಡಿಗೆ ವಾರದ ರಜೆ ಇದ್ದಾಗ ಮೂರೂ ಕನ್ನಡಿಗಳ ಮುಂದೆ ಅವಳು ಗಾಳಿಗೆ ಗುದ್ದುವುದನ್ನು ನೋಡುತ್ತ ಅವನು ಊಟ ಮರೆಯುತ್ತಿದ್ದ. ಮಕ್ಕಳಿಲ್ಲದ ಮನುಷ್ಯ, ಅವಳೆಂದರೆ ಜೀವ.

ದೇಶದ ತಂಡ ಸೇರಿದ ಮೇಲಿನ ಹನ್ನೊಂದು ವರ್ಷಗಳಲ್ಲಿ ಏಳು ದೇಶ ಸುತ್ತಿ ಬಂದಿದ್ದಳು. ಪದಕ ಮಾತ್ರ ಒಂದೂ ಇರಲಿಲ್ಲ. "ವಿಮಾನ ಹತ್ತಿದ್ದೇ ಬಂತು," ಎಂದು ಅವಳಮ್ಮ ಆಡಿಕೊಳ್ಳುತ್ತಿದ್ದಳು. ಆದರೆ ನಾಲ್ಕು ವರ್ಷದ ಹಿಂದಿನ ಪಂದ್ಯದ ಸುದ್ದಿ ಮಾತ್ರ ಅವಳೂ ಎತ್ತುತ್ತಿರಲಿಲ್ಲ.

ಮಾವನಿಗೊಂದು ಕೈಚಾಳಿ ಇತ್ತು. ಗಡ್ಡವಾಗಲಿ, ಕಟಿಂಗಾಗಲಿ, ಮುಗಿದ ಕೂಡಲೇ ತನ್ನ ಹೆಗಲ ಮೇಲಿನ ಟವೆಲ್ಲನ್ನು ಸರ್ರನೆ ಎಳೆದು ಪಟ್ ಎಂದು ಕೊಡವುತ್ತಿದ್ದ. ಆ ಸದ್ದಾದ ಮೇಲೆಯೇ ಗಿರಾಕಿ ಕುರ್ಚಿಯಿಂದ ಏಳುವುದು. ನಾಲ್ಕು ವರ್ಷದ ಹಿಂದಿನ ಆ ಪಂದ್ಯ ಕ್ವಾರ್ಟರ್ ಫೈನಲ್ಲು; ಗೆದ್ದರೆ ಪದಕ ಗ್ಯಾರಂಟಿ. ಹತ್ತು ಸೆಕೆಂಡು ಬಾಕಿ, ಮೆಣಸು ಮುಂದಿದ್ದಳು. ಅವಳ ಬಲಗೈ ಏಟು ಎದುರಾಳಿಗೆ ನೆಟ್ಟಗೆ ಬಿದ್ದದ್ದೇ, ಮೂಲೆಯಲ್ಲಿದ್ದ ಮಾವ "ಮುಗೀತು!" ಎಂದು ಕೂಗಿ ಹೆಗಲ ಟವೆಲ್ಲು ಕೊಡವಿದ. ಒದ್ದೆ ಟವೆಲ್ಲು ಕೈಯಿಂದ ಜಾರಿ ರಿಂಗಿನೊಳಗೆ ಹೋಗಿ ಬಿತ್ತು. ಮೂಲೆಯವರು ಟವೆಲ್ ಎಸೆದರೆಂದರೆ ಸೋಲೊಪ್ಪಿಕೊಂಡಂತೆ. ರೆಫರಿ ಪಂದ್ಯ ನಿಲ್ಲಿಸಿಯೇಬಿಟ್ಟ. ಕೈಮುಗಿದು ಬೇಡಿದರೂ ಕೇಳುವವರಿರಲಿಲ್ಲ.

ಅಂದಿನಿಂದ ಟವೆಲ್ಲು ಗೋಡೆಯ ಮೊಳೆಗೆ ಹೋಯಿತು. ಗಿರಾಕಿಗಳು ಗಡ್ಡ ಮುಗಿದರೂ ಗೊತ್ತಾಗದೆ ಪೆಚ್ಚುಪೆಚ್ಚಾಗಿ ಕೂತಿರುತ್ತಿದ್ದರು. ಅವನು "ಆಯ್ತು, ಏಳಿ" ಎನ್ನಬೇಕಿತ್ತು.

"ನಂಗೆ ಮೂವತ್ನಾಲ್ಕಾಯ್ತು ಮಾವ," ಎಂದಳು ಮೆಣಸು. "ಇದೇ ಕೊನೆ. ನೀನಿಲ್ದೆ ಆಡಲ್ಲ. ಏನೇ ಆದ್ರೂ ಟವೆಲ್ ಎಸೆಯಲ್ಲ ಅಂತ ಮಾತು ಕೊಡು, ಅಷ್ಟು ಸಾಕು."

"ಕೊಟ್ಟೆ ಅಂದ್ಬಿಡಪ್ಪಾ, ನೊರೆ ಒಣಗ್ತಾ ಇದೆ!" ಎಂದರು ಪೋಸ್ಟ್‌ಮಾಸ್ತರರು.

"ಕೊಟ್ಟೆ," ಎಂದ ಮಾವ. ಒಣಗಿದ ನೊರೆ ಒರೆಸಿ, ಪೋಸ್ಟ್‌ಮಾಸ್ತರರ ಬಲಗೆನ್ನೆಗೆ ಹೊಸದಾಗಿ ನೊರೆ ಹಚ್ಚತೊಡಗಿದ.

ಮುಂದಿನ ತಿಂಗಳು, ದೂರದ ಊರಿನ ರಿಂಗಿನಲ್ಲಿ, ಮತ್ತೆ ಕ್ವಾರ್ಟರ್ ಫೈನಲ್ಲೇ ಬಂದು ಕೂತಿತು. ಎದುರಾಳಿ ನೀಲಿ ಬನಿಯನ್ನಿನ ಇಪ್ಪತ್ತರ ಹುಡುಗಿ, ಮೆಣಸಿಗಿಂತ ಒಂದು ಗೇಣು ಎತ್ತರ. ಮೆಣಸು ಅವಳ ತೋಳಿನ ಕೆಳಗೇ ನುಗ್ಗಿ ನುಗ್ಗಿ ಹೊಡೆದಳು. ಎರಡನೇ ಸುತ್ತಿನ ಕೊನೆಗೆ ಮಾತ್ರ ನೀಲಿ ಹುಡುಗಿಯ ಎಡಗೈ ಪಕ್ಕದಿಂದ ಬೀಸಿ ಬಂದು ಅವಳ ದವಡೆಗೆ ಬಿತ್ತು.

ಗಂಟೆ ಹೊಡೆಯಿತು. ಸ್ಟೂಲಿನ ಮೇಲೆ ಕೂತವಳ ಬಾಯಿಂದ ಹಲ್ಲಿನ ಗಾರ್ಡು ತೆಗೆಯುತ್ತಿದ್ದ ಮಾವನ ಬೆರಳು ಅಲ್ಲೇ ನಿಂತಿತು.

"ಎರಡೂ ಸುತ್ತು ನಮ್ದೇ!" ಎಂದು ಕೋಚ್ ಆ ಕಡೆಯಿಂದ ಕುಣಿಯುತ್ತಿದ್ದ. "ಮೂರು ನಿಮಿಷ ತಪ್ಪಿಸ್ಕೊಂಡಿರು, ಸಾಕು!"

"ಹಲ್ಲು ಕಚ್ಚು ನೋಡೋಣ," ಎಂದ ಮಾವ ಮೆಲ್ಲಗೆ.

"ಕಚ್ಚಿದೀನಿ."

ಕಚ್ಚಿರಲಿಲ್ಲ. ಕೆಳಗಿನ ಹಲ್ಲು ಮೇಲಿನದಕ್ಕೆ ಕೂಡುತ್ತಿರಲಿಲ್ಲ. ಮೂವತ್ತು ವರ್ಷ ಊರಿನ ಗದ್ದಗಳನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದವನು ಅವನು. ಅದೇ ಎರಡು ಬೆರಳನ್ನು ಅವಳ ದವಡೆಗೆ ತಾಗಿಸಿದ. ಅವಳ ಕಣ್ಣಲ್ಲಿ ನೀರು ಬಂತು.

"ಮುರಿದಿದೆ ಕಣೇ."

"ಗೊತ್ತು. ಕೋಚ್‌ಗೆ ಹೇಳ್ಬೇಡ. ಮೂರೇ ನಿಮಿಷ, ಮಾವ. ಮಾತು ಕೊಟ್ಟಿದ್ದೀಯ."

ಅವನು ಗಾರ್ಡು ತೊಳೆದು ಬಾಯಿಗಿಟ್ಟ. ಇಡಬಾರದಿತ್ತು. ಅಯ್ಯೋ, ಆ ಮುಖ ನೋಡಿಕೊಂಡು ಬೇಡ ಎನ್ನುವುದಾದರೂ ಹೇಗೆ?

ಎರಡು ನಿಮಿಷ ಅವಳು ತಪ್ಪಿಸಿಕೊಂಡಳು. ಆಮೇಲೆ ಅವಳ ಬಲಗೈ ತಾನಾಗಿಯೇ ದವಡೆಯನ್ನು ಕಾಯತೊಡಗಿತು. ನೀಲಿ ಹುಡುಗಿ ಅದನ್ನು ಕಂಡುಕೊಂಡಳು. ಹೊಟ್ಟೆಗೊಂದು ಕೊಟ್ಟು ಆ ಕೈಯನ್ನು ಕೆಳಗಿಳಿಸಿದಳು, ಮತ್ತೊಂದು ಕೊಟ್ಟು ಇನ್ನಷ್ಟು ಇಳಿಸಿದಳು. ಗಡಿಯಾರದಲ್ಲಿ ನಲವತ್ತು ಸೆಕೆಂಡು ಉಳಿದಿತ್ತು. ಅಂಕದಲ್ಲಿ ಮೆಣಸು ಇನ್ನೂ ಮುಂದೆಯೇ ಇದ್ದಳು. ಮಾವ ಬೆವರು ಒರೆಸುವ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ, ಹಗ್ಗದ ಮೇಲಿನಿಂದ ರಿಂಗಿನ ನಟ್ಟನಡುವೆ ಎಸೆದ. ಈ ಸಲ ಕೈ ಜಾರಲಿಲ್ಲ.

ರೆಫರಿ ಇಬ್ಬರ ನಡುವೆ ಬಂದ. ಮೆಣಸು ಟವೆಲ್ಲನ್ನು ನೋಡಿದಳು, ಆಮೇಲೆ ಮಾವನನ್ನು ನೋಡಿದಳು. ಕೋಚ್ ಬೈಯ್ಯುತ್ತಿದ್ದುದು ಮಾವನಿಗೆ ಕೇಳಿಸಲಿಲ್ಲ.

"ಎರಡು ಕಡೆ ಬಿರುಕು ಬಿಟ್ಟಿದೆ," ಎಂದರು ವೈದ್ಯರು. "ಇನ್ನೊಂದು ಏಟು ಬಿದ್ದಿದ್ರೆ ಕಷ್ಟ ಇತ್ತು." ದವಡೆಗೆ ತಂತಿ ಬಿಗಿದರು. ವಿಮಾನದಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಕೂತಳು. ಮಾತಾಡಲಾಗದ್ದಕ್ಕೋ, ಮಾತೇ ಬೇಡವೆಂದೋ, ಮಾವನಿಗೆ ಕೇಳುವ ಧೈರ್ಯ ಬರಲಿಲ್ಲ. ಊರಿಗೆ ಬಂದ ಮೇಲೆ ದಿನಾ ತಂಗಿಯ ಮನೆಗೆ ಹೋಗಿ ಗಂಜಿಯ ಲೋಟವನ್ನು ಕೋಣೆಯ ಬಾಗಿಲಲ್ಲಿಟ್ಟು ಬರುತ್ತಿದ್ದ. ಲೋಟ ಖಾಲಿಯಾಗುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ.

ಐದನೇ ವಾರ, ಬೆಳಗಿನ ಹೊತ್ತು, ಪೋಸ್ಟ್‌ಮಾಸ್ತರರ ಗಡ್ಡ ಮುಗಿಯುತ್ತಿದ್ದಾಗ ಸಲೂನಿನ ಬಾಗಿಲು ದೂಡಿಕೊಂಡು ಮೆಣಸು ಬಂದಳು. ಮುಖ ಇಳಿದುಹೋಗಿತ್ತು, ತಂತಿ ಇನ್ನೂ ಇತ್ತು.

"ಬಾರಮ್ಮಾ," ಎಂದರು ಪೋಸ್ಟ್‌ಮಾಸ್ತರರು. "ನೀನು ಬೈಯ್ಯದೆ ಬೀದಿ ಬಿಕೋ ಅಂತಿದೆ."

ಮಾವ ತಿರುಗಿ ನೋಡಲಿಲ್ಲ. ಮೂಗಿನ ಕೆಳಗಿನ ಕೊನೆಯ ನೊರೆಯನ್ನು ಬೇಕೆಂದೇ ನಿಧಾನವಾಗಿ ತೆಗೆಯುತ್ತಿದ್ದ. ಅವಳು ಗೋಡೆಯ ಹತ್ತಿರ ಹೋಗಿ, ಮೊಳೆಯಲ್ಲಿದ್ದ ಟವೆಲ್ಲು ತೆಗೆದು, ಹಿಂದಿನಿಂದ ಬಂದು ಅವನ ಹೆಗಲ ಮೇಲೆ ಹಾಕಿದಳು. ಜಾರದಂತೆ ಒಮ್ಮೆ ಒತ್ತಿ, ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತಳು.

ಮಾವ ಕತ್ತಿ ಒರೆಸಿ ಕೆಳಗಿಟ್ಟ. ಕನ್ನಡಿ ನೋಡಲಾಗದಂತೆ ಅವನ ಕಣ್ಣು ತುಂಬಿಕೊಂಡಿತ್ತು. ಕೈ ತಾನೇ ಹೆಗಲಿಗೆ ಹೋಯಿತು.

ಪಟ್ ಎಂದು ಸದ್ದಾಯಿತು. ಪೋಸ್ಟ್‌ಮಾಸ್ತರರು ಕುರ್ಚಿಯಿಂದ ಎದ್ದರು.