ಹನ್ನೊಂದನೇ ಹುಲಿಯ ಬಲತೊಡೆ

ಹುಲಿಯನ್ನು ಕಾಗದದ ಮೇಲೆ ಸಾಯಿಸುವುದು ಬಲು ಸುಲಭ. ಎರಡು ವರ್ಷ ಕ್ಯಾಮೆರಾಕ್ಕೆ ಬೀಳದಿದ್ದರೆ ಸಾಕು, ಅದರ ನಂಬರಿನ ಮೇಲೆ ಗೆರೆ ಎಳೆಯುತ್ತೇವೆ. ಎಳೆಯುವ ಪುಣ್ಯಾತ್ಮ ನಾನೇ, ಯರಗುಪ್ಪಿಯ ಫಕೀರೇಶ. ಆ ರವಿವಾರ ಸಂಜೆಯೊಳಗೆ ಪಟ್ಟಿ ಕಳಿಸಬೇಕಿತ್ತು, ಹನ್ನೊಂದನೇ ನಂಬರಿನ ಹೆಣ್ಣುಹುಲಿಯ ಸರದಿ ಬಂದಿತ್ತು.

ರೂಬಿನಾ ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದಳು. ನಾವಿಬ್ಬರೂ ಕಲಘಟಗಿ ಕಾಡಿನಲ್ಲಿ ಹುಲಿ ಎಣಿಸುವ ವಿಜ್ಞಾನಿಗಳು. ಹನ್ನೊಂದು ಇನ್ನೂ ಮರಿಯಾಗಿದ್ದಾಗ ಮೊದಲು ಸಿಕ್ಕಿದ್ದು ಇವಳು ಕಟ್ಟಿದ ಕ್ಯಾಮೆರಾದಲ್ಲಿ. ಹೋದ ವಾರ ಹಳ್ಳದ ದಂಡೆಯಲ್ಲಿ ಒಂದು ಹೆಣ್ಣುಹುಲಿ ಹಾದುಹೋಗಿತ್ತು. ಅದು ಹನ್ನೊಂದೇ ಎಂದು ಇವಳ ಹಟ. ಆದರೆ ಹುಲಿಯ ಪಟ್ಟೆ ಎಡಮಗ್ಗುಲಿಗೆ ಒಂದು ತರ, ಬಲಮಗ್ಗುಲಿಗೆ ಇನ್ನೊಂದು ತರ. ಹಳೆಯ ಫೋಟೊಗಳೆಲ್ಲ ಎಡದವು, ಹೊಸದು ಬಲದ್ದು. ಹೊಂದಿಕೆಯಿಲ್ಲ ಎಂದು ಕಂಪ್ಯೂಟರ್ ಹೇಳಿಬಿಟ್ಟಿತ್ತು. ಕಂಪ್ಯೂಟರಿನ ಮಾತೆಂದರೆ ನನಗೆ ವೇದವಾಕ್ಯ.

ಮಧ್ಯಾಹ್ನ ಊಟಕ್ಕೆ ನವಲಗುಂದದ ಅವಳ ಮನೆಗೆ ಹೋದೆವು. ಲ್ಯಾಪ್‌ಟಾಪೂ ಜಗಳವೂ ಜೊತೆಗೇ ಬಂದವು. ಅವಳ ತಾಯಿ ಜರೀನಾಬಿ ನಲವತ್ತು ವರ್ಷಗಳಿಂದ ಜಮಖಾನೆ ನೇಯುವವರು. ಮಗ್ಗದ ಮುಂದೆ ಕೂತೇ ನಮ್ಮ ವಾದವನ್ನೆಲ್ಲ ಕೇಳಿಸಿಕೊಂಡರು.

“ಎರಡೂ ಬಾಜು ಒಂದ ಥರಾ ಇಲ್ಲೇನು?” ಅವರಿಗೆ ನಂಬಿಕೆಯೇ ಬರಲಿಲ್ಲ. “ನಮ್ಮ ಜಮಖಾನಾ ಮಗಚಿ ಹಾಸಿದ್ರೂ ಗೊತ್ತಾಗೂದಿಲ್ಲ. ಹಿಂಗ ನೇದ್ರ ಸೇಠ ವಾಪಸ್ ಕಳಸ್ತಾನ!”

ನಾನು ನಕ್ಕೆ. ಅವರು ನಗಲಿಲ್ಲ. ಕೈ ಒರೆಸಿಕೊಂಡು ಬಂದು ಕೂತು, ಹನ್ನೊಂದರ ಒಂದೊಂದೇ ಫೋಟೊ ನೋಡಿದರು.

“ಮುಗದ್ವೇನ್ರಿ?”

“ಉಳದದ್ದು ಕಸಾರಿ ಅಮ್ಮಾರ. ಕೆಟ್ಟ ಫೋಟೊ.”

“ಕಸಾನೂ ತಗೀರಿ.”

ಆ ಕಸದಲ್ಲಿ, ಎಡಮಗ್ಗುಲಿನ ಮೊದಲ ಫೋಟೊ ಬಿದ್ದ ಮರುಕ್ಷಣವೇ, ಮರಿ ಹನ್ನೊಂದು ನಾಲ್ಕೂ ಕಾಲು ಮೇಲೆ ಮಾಡಿ ಧೂಳಿನಲ್ಲಿ ಹೊರಳಾಡುತ್ತಿತ್ತು. ತಲೆ ಯಾವುದು ಬಾಲ ಯಾವುದು ಎಂದು ಕಂಪ್ಯೂಟರಿಗೆ ತಿಳಿಯದೆ, ನಾನೇ ಅದನ್ನು ಮೂಲೆಗೆ ಹಾಕಿದ್ದೆ. ಜರೀನಾಬಿ ಕತ್ತು ವಾರೆ ಮಾಡಿ ನೋಡಿದರು. “ಇದನ್ನ ತಿರುವ್ರಿ,” ಎಂದರು. ತಿರುಗಿಸಿದೆ.

“ಬಲತೊಡಿ ನೋಡ್ರಿ. ಎರಡು ಗೆರಿ ಬಂದು ಕೂಡ್ಯಾವ. ಮುಂದ ಒಂದು ಹರದೈತಿ. ಕೆಳಗ ಒಂದು ಚುಕ್ಕಿ ಒಂಟಿ ಉಳದೈತಿ. ಮಾತಾಡ್ಕೋತ ನೇದ್ರ ಹಿಂಗ ನೂಲು ತಪ್ಪತೈತಿ.” ಆಮೇಲೆ ಬೆರಳು ಹೊಸ ಫೋಟೊಕ್ಕೆ ಹೋಯಿತು. ಅಲ್ಲಿಯೂ ಬಲತೊಡೆಯಲ್ಲಿ ಕೂಡಿದ ಗೆರೆ, ಹರಿದ ಗೆರೆ, ಒಂಟಿ ಚುಕ್ಕಿ.

“ನನ್ನ ಜಮಖಾನಾ ನಾ ಗುರ್ತ ಹಿಡಿಯೂದ ತಪ್ಪಿನ ಮ್ಯಾಲರಿ. ಛಲೋ ನೇದದ್ದು ಎಲ್ಲಾರ್ದೂ ಒಂದ ಥರಾ ಇರ್ತೈತಿ.”

ತೊಡೆಯಷ್ಟನ್ನೇ ಕತ್ತರಿಸಿ, ನೆಟ್ಟಗೆ ಮಾಡಿ ಕಂಪ್ಯೂಟರಿಗೆ ಕೊಟ್ಟೆ. ಎರಡು ನಿಮಿಷ ಯೋಚಿಸಿ, ತನಗೆ ಮೊದಲೇ ಗೊತ್ತಿತ್ತು ಎಂಬಂತೆ ಅದೂ ಹೌದೆಂದಿತು.

ರೂಬಿನಾ ಕೂಗಿದ ರಭಸಕ್ಕೆ ಅಂಗಳದ ಕೋಳಿಗಳು ದಿಕ್ಕಾಪಾಲಾದವು. “ಕಸಾ ಅಂತ, ಕಸಾ!” ಎಂದು ನನ್ನ ಬೆನ್ನಿಗೆ ಗುದ್ದಿದಳು, ತಾಯಿಯನ್ನು ತಬ್ಬಿಕೊಂಡು ಅತ್ತಳು. ನನಗೂ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ನಾನು ಕೊಲ್ಲಲು ಹೊರಟಿದ್ದ ಹುಲಿ ಎದ್ದು ಕೂತಿತ್ತು.

ಪಟ್ಟಿಯಲ್ಲಿ ‘ಜೀವಂತ’ ಎಂದು ಬರೆದೆ. ಪಕ್ಕದಲ್ಲಿ ‘ಗುರುತಿಸಿದವರು’ ಎಂಬ ಅಂಕಣವಿದೆ, ಅಲ್ಲಿ ಯಾವಾಗಲೂ ನನ್ನ ಹೆಸರೇ ಇರುತ್ತದೆ. ಈ ಸಲ ಬೇರೆ ಹೆಸರು ಬರೆದು ಓದಿ ಹೇಳಿದೆ: “ಜರೀನಾಬಿ, ಜಮಖಾನೆ ನೇಕಾರರು, ನವಲಗುಂದ.”

ಅವರು ಪರದೆಯ ಮೇಲಿನ ಆ ಹೆಸರಿನ ಮೇಲೆ ಬೆರಳಾಡಿಸಿದರು.

“ಇಷ್ಟ ಜಮಖಾನಾ ನೇದೀನ್ರಿ. ಒಂದರ ಮ್ಯಾಲೂ ನನ್ನ ಹೆಸರಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಇನ್ನೊಮ್ಮೆ ಓದ್ರಿ. ಜರಾ ಜೋರಾಗಿ. ಬಾಜೂ ಮನಿ ಶಮೀಮಾಬಿಗೂ ಕೇಳ್ಲಿ.”

ಓಣಿಗೆಲ್ಲ ಕೇಳುವಂತೆ ಓದಿದೆ.