ಆವನ? ಯಾವನ?

ಎಂಬತ್ತಾರರಲ್ಲಿ ಕೊಯಮತ್ತೂರು ಬಳಿಯ ಕರುಮತ್ತಂಪಟ್ಟಿಯ ಕನ್ನಡದವರೆಲ್ಲ ಬಟ್ಟೆ ನೇಯುತ್ತಿದ್ದರೆ ಲಿಂಗಸಾಮಿ ಸಹಿ ನೇಯುತ್ತಿದ್ದ. ಮಗ್ಗ ನಿಲ್ಲಿಸಿ, ರಾಜಕಾರಣಿಗಳ ಬಾಗಿಲು ಕಾದು, ಶಿಫಾರಸು ಬರೆಸಿಕೊಂಡು ಬರುವುದೇ ಕಸುಬಾಗಿತ್ತು. ಫೈಲಿನಲ್ಲಿ ಆರು ಕಾಗದ: ಒಂದು ಹಾಲಿ ಎಮ್ಮೆಲ್ಲೆಯದು, ಎರಡು ಮಾಜಿಗಳದು, ಮೂರು ಭಾವಿಗಳದು. ಸಹಿಗೆ ತಮಿಳಿನಲ್ಲಿ ಕೈಯೆಳುತ್ತು, ಅಂದರೆ ಕೈಬರಹ, ಅನ್ನುತ್ತಾರೆ. ಕೈಯೆಳುತ್ತು ಹಾಕಿದವರೆಲ್ಲ ಆಮೇಲೆ ಕೈ ಎತ್ತಿದ್ದರು.

ಎಲ್ಲವೂ ಮಗಳು ಶಿವಗಾಮಿಗಾಗಿ. ಗಂಡ ಸತ್ತು ತೌರಿಗೆ ಬಂದವಳಿಗೆ ಊರ ಶಾಲೆಯಲ್ಲಿ ಮಧ್ಯಾಹ್ನದೂಟ ನೋಡಿಕೊಳ್ಳುವ ಕೆಲಸ ಸಿಗಬೇಕಿತ್ತು. ಸೋಮವಾರ ಇಂಟರ್‌ವ್ಯೂ.

ಅವಳು ಎಮ್ಮೆಲ್ಲೆಯ ಕಾಗದ ಓದಿದಳು: “ಇದನ್ನು ತರುವವರಿಗೆ ಆವನ ಸೆಯ್ಯವುಂ.” ಆಗಬೇಕಾದ್ದನ್ನು ಮಾಡಿ ಎಂಬ ಸರ್ಕಾರಿ ತಮಿಳು ಅದು. ತಾಯಿ ಸಾಮಿಯಾತಾಳ್ ಕಿವಿಗೆ ಮಾತ್ರ ಆ ‘ಆವನ’ ಮನೆಯ ಕನ್ನಡವಾಗಿಯೇ ಬಿತ್ತು.

“ಆವನ? ಯಾವನ ಮಾಮ? ನಮ್ಮ ಹುಡ್ಗಿ ಹೆಸ್ರೇ ಇಲ್ಲೆ!” ಅಂತ ಗಂಡನನ್ನು ಕೇಳಿದಳು.

“ಹೆಸ್ರ್ಯಾಕೆ? ಕೈಯೆಳುತ್ತು ನೋಡು, ಬಾಲ ಹೆಂಗೆ ಎಳ್ದವ್ರೆ!”

“ಬಾಲ ಐತೆ. ತಲೆ ಎಲ್ಲಿ?”

“ಇವತ್ತೇ ಆಫೀಸಿಗೆ ಕೊಟ್ಬುಡಪ್ಪಾ,” ಅಂದಳು ಶಿವಗಾಮಿ.

“ಕೊಟ್ರೆ ವಾಪಸ್ ಕೊಡ್ತಾರಾ? ಇರು, ಮಂತ್ರಿಗಳದೂ ತರ್ತೀನಿ. ಏಳನ್ನೂ ಒಟ್ಟಿಗೆ ತೋರ್ಸಣ.”

ಶುಕ್ರವಾರ ಬಸ್ಸಿಗೆ ಹೊರಟವನನ್ನು ಪಕ್ಕದ ಮನೆಯ ಸುಬ್ಬಯ್ಯನ್ ತಡೆದ.

“ಅಣ್ಣೋ, ಎಮ್ಮೆಲ್ಲೆ ಲೆಟ್ರು ಒಂದಿನ ಕೊಡಣ್ಣ. ಬೀಗ್ರು ಬಂದವ್ರೆ. ನಮ್ಮ ಬೀದೀಲಿ ಎಂಥಾ ಆಳು ಅವ್ನೆ ಅಂತ ನೋಡ್ಲಿ.”

ಲಿಂಗಸಾಮಿ ಪೂರಿಯ ಹಾಗೆ ಉಬ್ಬಿದ. “ಮಡಚಬ್ಯಾಡ,” ಅಂತ ಮಾತ್ರ ಎಚ್ಚರಿಸಿ ಕೊಟ್ಟ.

ಕೊಯಮತ್ತೂರಿನಲ್ಲಿ ಮಂತ್ರಿಗಳು ಕಾರಿನಿಂದ ಕೈ ಬೀಸಿ ಹೋದರು. ಕೈ ಸಿಕ್ಕಿತು, ಎಳುತ್ತು ಸಿಗಲಿಲ್ಲ.

ಒಂದಿನ ಅಂದ ಸುಬ್ಬಯ್ಯನ್ ಸೋಮವಾರವಾದರೂ ಕಾಗದ ವಾಪಸ್ ಕೊಟ್ಟಿರಲಿಲ್ಲ. ಆಫೀಸಿನಲ್ಲಿ ಗುಮಾಸ್ತ ಉಳಿದ ಐದು ಕಾಗದಗಳನ್ನೂ ಬಿಚ್ಚಲಿಲ್ಲ. ಇಂಟರ್‌ವ್ಯೂ ಹೆಸರಿಗಷ್ಟೇ, ಎಮ್ಮೆಲ್ಲೆ ಕಾಗದ ತಂದ ತಂಗಮಣಿಗೆ ಶುಕ್ರವಾರವೇ ಕೆಲಸವಾಯಿತು ಅಂದ. ತಂಗಮಣಿ ಸುಬ್ಬಯ್ಯನ್ ಸೊಸೆ.

ಸಂಜೆ ಸುಬ್ಬಯ್ಯನ್ ತಾನೇ ಬಂದು ಕಾಗದ ನೀಡಿದ. “ನೋಡ್ಕೊ ಅಣ್ಣೋ, ಮಡಚಿಲ್ಲ. ಆಫೀಸ್ನೋರು ನಕಲು ಬರ್ಕೊಂಡು ವಾಪಸ್ ಕೊಟ್ರು. ಕೇಳಿದ್ರೆ ಕೊಡ್ತಾರೆ, ಪಾಪ.”

ಲಿಂಗಸಾಮಿಗೆ ಬೈಗುಳ ಬಾಯಿವರೆಗೆ ಬಂತು. ಆದರೆ ಕೈ ಮೊದಲು ಕಾಗದವನ್ನು ಬೆಳಕಿಗೆ ಹಿಡಿಯಿತು. ಮೂಲೆಯಲ್ಲಿ ಗುಂಡುಸೂಜಿಯ ಎರಡು ತೂತು.

“ಕೈಯೆಳುತ್ತಿಗೆ ಏನೂ ಆಗಿಲ್ಲ,” ಅಂದುಬಿಟ್ಟ.

ಶಿವಗಾಮಿ ಎದ್ದು, ನಿಂತುಹೋಗಿದ್ದ ಮಗ್ಗವನ್ನು ಓಡಿಸಲು ಹೋದಳು.

ಸಾಮಿಯಾತಾಳ್ ಫೈಲನ್ನು ಗಂಡನ ತೊಡೆಯ ಮೇಲೆ ಹಾಕಿದಳು. “ಆವನ ಅಂತ ಅವತ್ತೇ ಕೇಳಿದ್ನಲ್ಲ ಮಾಮ. ಸುಬ್ಬಯ್ಯನ.”